ಪ್ಲೇಟ್‌ಲೆಟ್ ಚೀಲಕ್ಕೆ ಓಡುವ ಮೊದಲು

ಮಳೆ ಹಿಡಿದರೆ ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆಯಲ್ಲೂ ರಬ್ಬರ್ ಮರದ ಚಿಪ್ಪಿನಲ್ಲೂ ನೀರು ನಿಲ್ಲುತ್ತದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಅಷ್ಟೇ ಸಾಕು. ಡೆಂಗ್ಯೂ ಬಂದ ಮನೆಯಲ್ಲಿ ಮೊದಲ ಪ್ರಶ್ನೆ, ‘ಪ್ಲೇಟ್‌ಲೆಟ್ ಎಷ್ಟುಂಟು?’ 40,000 ಎಂದರೆ ಮಂಗಳೂರಿಗೆ ಹೊರಡುವ ಗಡಿಬಿಡಿ.

ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5ರಿಂದ 4.5 ಲಕ್ಷ ಇರುವುದು ಸಹಜ. ಒಂದೊಂದರ ಆಯುಸ್ಸು 8–10 ದಿನ. ಹಾಗಾಗಿ ಅಸ್ಥಿಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಹೊಸದನ್ನು ತಯಾರಿಸುತ್ತಲೇ ಇರಬೇಕು. ಇದನ್ನು ನಿಯಂತ್ರಿಸುವುದು ಯಕೃತ್ತಿನಲ್ಲಿ ಹುಟ್ಟುವ ಥ್ರಾಂಬೋಪೊಯೆಟಿನ್ ಎಂಬ ಹಾರ್ಮೋನು. ಅದನ್ನು ಪ್ಲೇಟ್‌ಲೆಟ್‌ಗಳೇ ಹೀರಿಕೊಳ್ಳುತ್ತವೆ. ಅವು ಕಡಿಮೆಯಾದರೆ ಹಾರ್ಮೋನು ರಕ್ತದಲ್ಲಿ ಏರಿ ಮಜ್ಜೆಯನ್ನು ಚುರುಕುಗೊಳಿಸುತ್ತದೆ. ಮಜ್ಜೆಯ ತಾಯಿಕೋಶ ಬಲಿಯಲು ಸುಮಾರು 5 ದಿನ ಬೇಕು. ಬಲಿತ ಒಂದು ಕೋಶದಿಂದ ಸಾವಿರಕ್ಕೂ ಹೆಚ್ಚು ಪ್ಲೇಟ್‌ಲೆಟ್ ಉದುರುತ್ತವೆ. ಡೆಂಗ್ಯೂ ಜ್ವರ ಬಿಟ್ಟ ಕೆಲ ದಿನಗಳಲ್ಲಿ ಎಣಿಕೆ ತಾನಾಗಿ ಏರುವುದು ಹೀಗೆ.

ಎಲ್ಲ ಕಾಯಿಲೆಯಲ್ಲೂ ಹೀಗಾಗದು. ಮಜ್ಜೆಯೇ ಬತ್ತುವ ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಹಾರ್ಮೋನು ಹಲವು ಪಟ್ಟು ಏರಿದರೂ ಫಲವಿಲ್ಲ. ಪ್ರತಿಕಾಯಗಳು ಪ್ಲೇಟ್‌ಲೆಟ್ ನಾಶಮಾಡುವ ಐಟಿಪಿಯಲ್ಲಿ ಎಣಿಕೆ ಕುಸಿದರೂ ಹಾರ್ಮೋನು ಹೆಚ್ಚುಕಡಿಮೆ ಮಾಮೂಲು ಮಟ್ಟದಲ್ಲೇ ಇರುತ್ತದೆ. ಎಲ್ಟ್ರಾಂಬೋಪ್ಯಾಗ್ ಮಾತ್ರೆ ಅದರ ಕೆಲಸ ಮಾಡಿಕೊಡುತ್ತದೆ.

ಈಗ ಚೀಲದ ಲೆಕ್ಕ. ಒಬ್ಬ ದಾನಿಯ 450 ಮಿ.ಲೀ. ರಕ್ತದಿಂದ ಸಿಗುವುದು ಸುಮಾರು 5,000 ಕೋಟಿ ಪ್ಲೇಟ್‌ಲೆಟ್, ಅಂದರೆ ದೇಹದ ಅರ್ಧ ದಿನದ ತಯಾರಿ. ಅದರಿಂದ ಎಣಿಕೆ ಏರುವುದು 5,000–10,000 ಮಾತ್ರ. ಡೆಂಗ್ಯೂವಿನಲ್ಲಿ ಅದೂ ಬೇಗ ಕರಗುತ್ತದೆ. ಯಂತ್ರದ ಮೂಲಕ ಒಬ್ಬರಿಂದಲೇ ತೆಗೆದ ಚೀಲದಲ್ಲಿ ಸುಮಾರು 30,000 ಕೋಟಿ ಇರುತ್ತದೆ, ಬೆಲೆ 10,000 ರೂಪಾಯಿಯ ಆಸುಪಾಸು. ಎರಡೂ 5 ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ.

2017ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಸಿಂಗಪುರ–ಮಲೇಷ್ಯಾ ಅಧ್ಯಯನದಲ್ಲಿ 372 ಡೆಂಗ್ಯೂ ರೋಗಿಗಳಿದ್ದರು. ಎಲ್ಲರ ಎಣಿಕೆ 20,000 ಅಥವಾ ಕಡಿಮೆ. ಪ್ಲೇಟ್‌ಲೆಟ್ ಪಡೆದವರಲ್ಲಿ ಶೇ 21, ಪಡೆಯದವರಲ್ಲಿ ಶೇ 26 ಮಂದಿಗೆ ರಕ್ತಸ್ರಾವವಾಯಿತು. ಖಚಿತ ಲಾಭವೆನ್ನುವಷ್ಟು ಅಂತರವಲ್ಲ. ಅಡ್ಡಪರಿಣಾಮ ಮಾತ್ರ ಪಡೆದವರಲ್ಲಿ 13 ಪ್ರಕರಣ, ಪಡೆಯದವರಲ್ಲಿ 2. ರಕ್ತಸ್ರಾವವಿಲ್ಲದವರಿಗೆ 10,000ಕ್ಕಿಂತ ಇಳಿದಾಗ ಮಾತ್ರ ಕೊಡಿ ಎನ್ನುತ್ತದೆ ನಮ್ಮ ರಾಷ್ಟ್ರೀಯ ಮಾರ್ಗಸೂಚಿ.

ಡೆಂಗ್ಯೂವಿನಲ್ಲಿ ಹೆಚ್ಚಾಗಿ ಜೀವಕ್ಕೆ ಎರವಾಗುವುದು ರಕ್ತನಾಳದಿಂದ ಸೋರುವ ದ್ರವ. ಜ್ವರ ಬಿಟ್ಟ ನಂತರದ 24–48 ಗಂಟೆ ಎಚ್ಚರವಾಗಿರಿ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮೂತ್ರ ಕಡಿಮೆ: ಇದರಲ್ಲಿ ಒಂದು ಕಂಡರೂ ಹತ್ತಿರದ ಆಸ್ಪತ್ರೆಗೆ ಹೋಗಿ. ದ್ರವ ಸೋರಿದಂತೆ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಏರುತ್ತದೆ; ಹಾಗಾಗಿ ಪ್ಲೇಟ್‌ಲೆಟ್ ಜೊತೆಗೆ ಅದೆಷ್ಟಿದೆ, ಏರುತ್ತಿದೆಯೇ ಎಂದೂ ವೈದ್ಯರನ್ನು ಕೇಳಿ.