ರಕ್ತ ಹೆಪ್ಪುಗಟ್ಟೋದರ ಹಿಂದೆ ಬಿದ್ದ ವಿಜ್ಞಾನಿ

ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡ್ರಿ. ರಕ್ತ ಬಂತು, ಸ್ವಲ್ಪ ಹೊತ್ತಲ್ಲೇ ನಿಂತೂ ಹೋಯ್ತು. ಇದು ಹೇಗಾಗುತ್ತೆ ಅಂತ ಜೀವಮಾನವಿಡೀ ಹುಡುಕಿದವರು ಅಮೆರಿಕದ ಜೀವರಸಾಯನ ವಿಜ್ಞಾನಿ ರಸೆಲ್ ಡೂಲಿಟಲ್.

ನಮ್ಮ ರಕ್ತದಲ್ಲಿ ಫೈಬ್ರಿನೋಜೆನ್ ಅನ್ನೋ ಉದ್ದನೆಯ ಪ್ರೋಟೀನ್ ಸುಮ್ಮನೆ ತೇಲಾಡ್ತಿರುತ್ತೆ. ಗಾಯವಾದಾಗ ಥ್ರಾಂಬಿನ್ ಅನ್ನೋ ಕಿಣ್ವ ಬಂದು ಅದರ ಪುಟ್ಟ ತುಣುಕುಗಳನ್ನ ಕತ್ತರಿಸುತ್ತೆ. ಒಳಗಿದ್ದ ಗುಬುಟುಗಳು ಹೊರಗೆ ಬರ್ತವೆ. ಪಕ್ಕದ ಅಣುವಿನಲ್ಲಿರೋ ಗುಳಿಗೆ ಹೋಗಿ ಕೂರ್ತವೆ, ಅಂಗಿಯ ಟಿಚ್ ಬಟನ್ ಥರ! ಹೀಗೆ ಒಂದಕ್ಕೊಂದು ಸೇರಿ ಬಲೆ ಆಗುತ್ತೆ. ರಕ್ತಕಣಗಳು ಅದರಲ್ಲಿ ಸಿಕ್ಕಿಬೀಳ್ತವೆ. ಅದೇ ಹೆಪ್ಪು.

ಆ ಗುಬುಟು ಗುಳಿಯಲ್ಲಿ ಕೂತಿರೋದನ್ನ ಕಣ್ಣಾರೆ ನೋಡೋಕೆ ಆ ಪ್ರೋಟೀನಿನ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಬೇಕು. ಸ್ಯಾನ್ ಡಿಯಾಗೋದ ಅವರ ತಂಡ ಅದನ್ನ ಪ್ರಕಟಿಸಿದ್ದು 1997ರಲ್ಲಿ. ಅವರು ಅಲ್ಲಿ ಕೆಲಸಕ್ಕೆ ಸೇರಿದ್ದು 1964ರಲ್ಲಿ! ಇಂಥ ತಾಳ್ಮೆಗೆ ಇವತ್ತು ಯಾರು ದುಡ್ಡು ಕೊಡ್ತಾರೆ, ಹೇಳಿ?

ಮನುಷ್ಯರ ರಕ್ತವಷ್ಟೇ ಸಾಲದು ಅಂತ ದವಡೆಯೇ ಇಲ್ಲದ ಲ್ಯಾಂಪ್ರೆ ಮೀನಿನ ಬೆನ್ನೂ ಹತ್ತಿದ್ರು. ಅದಕ್ಕೂ ರಕ್ತ ಹೆಪ್ಪುಗಟ್ಟುತ್ತೆ, ಆದ್ರೆ ಹೆಪ್ಪುಗಟ್ಟಿಸೋ ಅಂಶಗಳು ನಮ್ಮಷ್ಟಿಲ್ಲ. ಅಂದ್ರೆ ಈ ಜಟಿಲ ವ್ಯವಸ್ಥೆ ಒಂದೇ ಏಟಿಗೆ ಬಂದಿದ್ದಲ್ಲ. ಹಳೇ ಜೀನ್‌ಗಳು ನಕಲಾಗಿ, ಬದಲಾಗಿ ಬೆಳೆದಿದ್ದು.

ಪ್ರೋಟೀನಿನ ಯಾವ ಭಾಗ ನೀರಿಂದ ದೂರ ಸರಿಯುತ್ತೆ ಅಂತ ಅಳೆಯೋ ಕೈಟ್-ಡೂಲಿಟಲ್ ಮಾಪಕದ ಡೂಲಿಟಲ್ ಕೂಡ ಇವರೇ. 1982ರದ್ದು, ಈಗಲೂ ಬಳಕೆಯಲ್ಲಿದೆ. ಬಯೋಕೆಮಿಸ್ಟ್ರಿ ಓದ್ತಿರೋರು ಆ ಮಾಪಕದ ಪ್ರಬಂಧ ಹುಡುಕಿ ಓದಿ.