ಹಳೇಬೀಡಿಗೆ ಹೊಸ ಸೈಕಲ್ಲೇ ಬೇಕೆ?

ಅರಸೀಕೆರೆಯ ತೆಂಗಿನ ತೋಟಗಳನ್ನು ದಾಟಿ, ಜಾವಗಲ್ಲಿನ ಮಾರ್ಗವಾಗಿ ಹೊರಟರೆ ಹಳೇಬೀಡಿಗೆ ಸುಮಾರು 40 ಕಿಲೋಮೀಟರು. ಅಲ್ಲಿಂದ ಬೇಲೂರಿಗೆ 16. ಹೋಗಿ ಬರುವ ಈ ನೂರಹತ್ತು ಕಿಲೋಮೀಟರನ್ನು ಒಂದೇ ಹಗಲಿನಲ್ಲಿ ಸೈಕಲ್ಲಿನ ಮೇಲೆ ಕ್ರಮಿಸಬೇಕೆಂಬುದು ನನ್ನ ಬಹುದಿನದ ಆಸೆ. ಇದೇನೂ ಮಹಾ ಸಾಹಸವಲ್ಲ. 1891ರಲ್ಲಿ ಮೊದಲಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಯಾತ್ರೆಯಲ್ಲಿ ಈಗಲೂ 1200 ಕಿಲೋಮೀಟರನ್ನು 90 ಗಂಟೆಗಳೊಳಗೆ ತುಳಿಯುವವರಿದ್ದಾರೆ. ನಮ್ಮ ದೇಶದವರೂ ಅವರಲ್ಲಿ ಸೇರಿದ್ದಾರೆ.

ಇಂಥ ದೂರಕ್ಕೆಂದೇ ‘ಎಂಡ್ಯೂರೆನ್ಸ್ ರೋಡ್ ಬೈಕ್’ ಎಂಬ ಸೈಕಲ್ಲಿದೆ. ಅದು ಪಂದ್ಯದ ಸೈಕಲ್ಲಿನ ಹತ್ತಿರದ ಬಂಧು. ಆದರೆ ಇದರ ಹ್ಯಾಂಡಲ್ಲು ತುಸು ಎತ್ತರದಲ್ಲಿರುವುದರಿಂದ ಬೆನ್ನು ಅಷ್ಟಾಗಿ ಬಾಗಬೇಕಿಲ್ಲ. ಚಕ್ರಗಳ ನಡುವಣ ಅಂತರ ಕೊಂಚ ಹೆಚ್ಚು. ಟೈರು 28 ಅಥವಾ 32 ಮಿಲಿಮೀಟರ್ ಅಗಲವಾಗಿದ್ದು ರಸ್ತೆಯ ಕುಲುಕನ್ನು ತಾನೇ ನುಂಗಿಕೊಳ್ಳುತ್ತದೆ.

ನನ್ನ ಮುಂದೆ ಅಂಥವು ಎರಡಿದ್ದವು: ಅಂಗಡಿಯ ಹೊಸದಕ್ಕೆ 90,000 ರೂಪಾಯಿ, ಪರಿಚಿತರೊಬ್ಬರ ಬಳಸಿದ ಸೈಕಲ್ಲಿಗೆ 45,000. “ಆ ದುಡ್ಡಿಗೆ ಮೋಟಾರು ಸೈಕಲ್ಲೇ ಬರುತ್ತಲ್ರೀ” ಎಂದರು ಮನೆಯವರು. ಮಗಳ ಕಾಲೇಜಿನ ಶುಲ್ಕ ಎದುರಿಗಿದ್ದಾಗ ಉಪಾಧ್ಯಾಯನಾದವನಿಗೆ ಈ ಮಾತು ಬರಿಯ ವಿನೋದವಲ್ಲ.

ಹೊಸದರ ಪಕ್ಷದಲ್ಲಿ ಹೇಳಬೇಕಾದುದು ಉಂಟು. ಅದು ಯಾವ ಪೆಟ್ಟನ್ನೂ ತಿಂದಿಲ್ಲ. ಬಹುಮಟ್ಟಿಗೆ ತಯಾರಕರ ಖಾತರಿ ಮೊದಲ ಕೊಳ್ಳುಗನಿಗೆ ಮಾತ್ರ ಸಲ್ಲುತ್ತದೆ. ಕೈ ಬದಲಾದೊಡನೆ ಮುಗಿಯುತ್ತದೆ. ಹಾಗಾದರೆ ಹಳೆಯದನ್ನು ಕೊಳ್ಳುವವನು ಯಾವುದನ್ನು ನೆಚ್ಚಬೇಕು?

ಈ ಪ್ರಶ್ನೆಗೆ ಉತ್ತರ ನಾನು ಹೋಗಬೇಕೆಂದಿದ್ದ ಊರುಗಳಲ್ಲಿಯೇ ಇದೆಯೆನ್ನಿಸಿತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಗಾಗಲಿ, ಹಳೇಬೀಡಿನ ಹೊಯ್ಸಳೇಶ್ವರನ ಗುಡಿಗಾಗಲಿ ಇಂದು ಶಿಖರವಿಲ್ಲ. ಆದರೂ ಜಗತಿ, ಗೋಡೆ, ಕಂಬಗಳು ಗಟ್ಟಿಯಾಗಿ ನಿಂತಿವೆ. 2023ರಲ್ಲಿ ಎರಡೂ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹಳೆಯದನ್ನು ನೋಡುವವನು, ಹೋದರೂ ನಡೆಯುವುದು ಯಾವುದು, ಹೋಗಲೇಬಾರದುದು ಯಾವುದು ಎಂದು ವಿಂಗಡಿಸಬೇಕು.

ಸೈಕಲ್ಲಿನಲ್ಲಿ ಹೋಗಲೇಬಾರದುದು ಫ್ರೇಮು. ಅದರ ಅಳತೆ ನಮ್ಮ ಮೈಗೆ ಒಪ್ಪಬೇಕು. ಸೀಟನ್ನು ಏರಿಸಬಹುದು, ಇಳಿಸಬಹುದು, ಫ್ರೇಮನ್ನು ಹಿಗ್ಗಿಸಲಾಗದು. ಒಪ್ಪದ ಅಳತೆಯದು ಹೊಸದಾಗಿದ್ದರೂ ನಲವತ್ತನೆಯ ಕಿಲೋಮೀಟರಿನಲ್ಲಿ ಸೊಂಟ ಅದನ್ನು ಶಪಿಸುತ್ತದೆ. ಅಲ್ಯೂಮಿನಿಯಮ್ಮಿನದಾದರೆ ಬೆಸುಗೆಯ ಬಳಿ ಕೂದಲೆಳೆಯಂಥ ಬಿರುಕಿದೆಯೇ ಎಂದು ಹಗಲ ಬೆಳಕಿನಲ್ಲಿ ಹುಡುಕಬೇಕು. ಕಾರ್ಬನ್ನಿನದಾದರೆ ಒಳಗಿನ ಪೆಟ್ಟು ಹೊರಗೆ ಕಾಣದೆಯೂ ಇರಬಹುದು. ಅದರ ಪೂರ್ವ ಚರಿತ್ರೆ ತಿಳಿಯದಿದ್ದರೆ ದೂರದಿಂದಲೇ ನಮಸ್ಕರಿಸುವುದು ಮೇಲು.

ಮಿಕ್ಕವು ಸವೆಯಲೆಂದೇ ಇರುವ ವಸ್ತುಗಳು. ಚೈನಿನ ಒಂದು ಪಿನ್ನಿನಿಂದ ಎಣಿಸಿ ಇಪ್ಪತ್ತನಾಲ್ಕನೆಯ ಪಿನ್ನಿಗೆ ಸರಿಯಾಗಿ 12 ಅಂಗುಲವಿರಬೇಕು. ಅದು ಅಂಗುಲದ ಎಂಟನೆಯ ಒಂದು ಭಾಗದಷ್ಟು ಹಿಗ್ಗಿದ್ದರೆ, ಚೈನಿನ ಜೊತೆಗೆ ಹಲ್ಲುಚಕ್ರಗಳೂ ಸವೆದಿರುವ ಸಂಭವವುಂಟು. ಟೈರು, ಬ್ರೇಕಿನ ಪ್ಯಾಡು, ತಂತಿಗಳನ್ನು ಬದಲಿಸುವ ಖರ್ಚನ್ನೂ ಕೂಡಿಸಿ, ಆಮೇಲೆ ಬೆಲೆಯ ಮಾತನ್ನಾಡಬೇಕು.

ಹೀಗೆ ಲೆಕ್ಕ ಹಾಕಿ ನಾನು ಬಳಸಿದ್ದನ್ನೇ ಕೊಂಡೆ. ಅದು ಅಲ್ಯೂಮಿನಿಯಮ್ಮಿನದು, ನನ್ನ ಅಳತೆಯದು, ಮೊದಲ ಒಡೆಯರು ಅದನ್ನು ಹೇಗೆ ಬಳಸಿದರೆಂಬುದನ್ನು ಕಣ್ಣಾರೆ ಕಂಡಿದ್ದೆ. ಚೈನು, ಟೈರುಗಳಿಗೆ 9,000 ರೂಪಾಯಿ ತೆತ್ತ ಮೇಲೂ 36,000 ಮಿಕ್ಕು, ಮಗಳ ಶುಲ್ಕದ ಕಡೆಗೆ ಹೋಯಿತು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಇನ್ನೊಂದು ವರುಷ ಕಾದು ಹೊಸದನ್ನೇ ತರುತ್ತಿದ್ದೆ. ಹೊಳಪಿಗೆ ಬೆಲೆ ಕೊಡುವುದು ಸುಲಭ; ಅಂಗಡಿಯಿಂದ ಹೊರಬಿದ್ದ ಮೊದಲ ಮಳೆಗಾಲದಲ್ಲೇ ಆ ಹೊಳಪು ಮಾಸುತ್ತದೆ. ಮೈಗೆ ಒಪ್ಪುವ ಅಳತೆ ಮಾಸುವುದಿಲ್ಲ.