ಕೋಣೆ ಬಾಡಿಗೆ ಕೊನೆಗೆ ಕಟ್ಟುವವನು ರೋಗಿಯೇ

ಕಾಸರಗೋಡು: ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟ್ರ ಫೀಸು, ರಕ್ತ ಪರೀಕ್ಷೆಯ ದುಡ್ಡು, ಮದ್ದಿನ ಬಿಲ್ಲು, ಈ ಮೂರರ ಲೆಕ್ಕ ಎಲ್ಲರಿಗೂ ಗೊತ್ತುಂಟು. ಆದರೆ ಯಾವ ಬಿಲ್ಲಿನಲ್ಲಿಯೂ ಬರೆಯದ ನಾಲ್ಕನೆಯ ಖರ್ಚೊಂದು ಇದರ ಒಳಗೆ ಅಡಗಿ ಕುಳಿತಿದೆ. ಅದು ಡಾಕ್ಟ್ರು ಕುಳಿತ ಕೋಣೆಯ ಬಾಡಿಗೆ. ಕಟ್ಟಡದ ಮಾಲಕರಿಗೆ ಅದನ್ನು ಕೊಡುವುದು ಡಾಕ್ಟ್ರೇ ಆದರೂ ಕೊನೆಗೆ ಅದು ಹೋಗುವುದು ರೋಗಿಯ ಕಿಸೆಯಿಂದ.

ಹೊಸಂಗಡಿ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಕಾಸರಗೋಡು ಪೇಟೆಗಳಲ್ಲಿ ಕನ್ನಡ ಮಾತನಾಡುವ ಕುಟುಂಬಗಳಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ ಎಂಬುದು ಹಳೆಯ ಮಾತು. ಆದರೆ ಹಲ್ಲುನೋವು, ಮಕ್ಕಳ ಕೆಮ್ಮು, ಸಕ್ಕರೆ ಕಾಯಿಲೆಯ ತಪಾಸಣೆ, ಗರ್ಭಿಣಿಯರ ಸ್ಕ್ಯಾನಿಂಗ್ ಇತ್ಯಾದಿಗಳಿಗೆ ಪ್ರತಿ ಸಲ 40-50 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬರಲಾಗದು. ಅದಕ್ಕೆಲ್ಲ ಪೇಟೆಯ ಕಾಂಪ್ಲೆಕ್ಸುಗಳಲ್ಲಿರುವ ಸಣ್ಣ ಕ್ಲಿನಿಕ್, ಲ್ಯಾಬ್, ಮದ್ದಿನ ಅಂಗಡಿಗಳೇ ಆಸರೆ. ಬಾಡಿಗೆಯ ಪೆಟ್ಟು ಹೆಚ್ಚು ಬೀಳುವುದು ಇಂತಹ ಸಣ್ಣವರ ಮೇಲೆಯೇ.

ಕೆಳ ಅಂತಸ್ತಿಗೆ ಪೈಪೋಟಿ

ರಾಷ್ಟ್ರೀಯ ಹೆದ್ದಾರಿ 66ನ್ನು ಷಟ್ಪಥಗೊಳಿಸಲು ತಲಪಾಡಿಯಿಂದ ಚೆಂಗಳದ ತನಕ ಭೂಸ್ವಾಧೀನ ನಡೆದಾಗ ರಸ್ತೆ ಬದಿಯ ಹಲವು ಹಳೆಯ ಕಟ್ಟಡಗಳು ನೆಲಸಮವಾದವು. ಕಡಿಮೆ ಬಾಡಿಗೆಯ ಹಳೆಯ ಕೋಣೆಗಳು ಹೋದ ಮೇಲೆ ಉಳಿಯುವುದು ಹೊಸ ಕಾಂಪ್ಲೆಕ್ಸುಗಳು. ಕೋಣೆ ಕಡಿಮೆ, ಕೇಳುವವರು ಹೆಚ್ಚು ಎಂದಾದರೆ ಬಾಡಿಗೆ ಏರುವುದು ಸಹಜ.

ಇದರಲ್ಲಿ ಕ್ಲಿನಿಕ್ಕಿನವರಿಗೆ ಒಂದು ವಿಶೇಷ ತೊಂದರೆ ಉಂಟು. ಮೊಣಕಾಲು ನೋವಿನ ಅಜ್ಜಿ, ಕಾಲು ಮುರಿದ ಹುಡುಗ, ತುಂಬು ಗರ್ಭಿಣಿ ಮೂರು ಮಹಡಿ ಮೆಟ್ಟಿಲು ಹತ್ತಿ ಬರಲಾರರು. ಹಾಗಾಗಿ ಕೆಳ ಅಂತಸ್ತಿನ ಕೋಣೆಯೇ ಬೇಕು, ಇಲ್ಲವೇ ಲಿಫ್ಟ್ ಇರುವ ಕಟ್ಟಡ ಬೇಕು. ಅದೇ ಕೋಣೆಗೆ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಚಿನ್ನದಂಗಡಿಯವರೂ ಸಾಲುಗಟ್ಟಿ ನಿಂತಿರುತ್ತಾರೆ.

ಒಮ್ಮೆ ಬಾಡಿಗೆಗೆ ಹಿಡಿದ ಮೇಲೆ ಬಿಟ್ಟು ಹೋಗುವುದೂ ಸುಲಭವಲ್ಲ. ಬಟ್ಟೆ ಅಂಗಡಿಯವರು ಬೇಕಿದ್ದರೆ ವಾರದೊಳಗೆ ಪಕ್ಕದ ಕಟ್ಟಡಕ್ಕೆ ಹೋಗಬಹುದು. ಹಲ್ಲಿನ ಕ್ಲಿನಿಕ್ಕಿನಲ್ಲಿ ಪ್ರತಿ ಕುರ್ಚಿಗೂ ನೀರಿನ ಪೈಪು, ಗಾಳಿಯ ಪೈಪು ನೆಲದಡಿ ಹಾಕಿರುತ್ತಾರೆ. ಎಕ್ಸ್‌ರೇ ಕೋಣೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ವಿಕಿರಣ ತಡೆಯುವ ಗೋಡೆ ಬೇಕು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕೇಂದ್ರವಾದರೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನಿರ್ದಿಷ್ಟ ಸ್ಥಳಕ್ಕೇ ನೋಂದಣಿ; ಜಾಗ ಬದಲಿಸಬೇಕಿದ್ದರೆ ಅಧಿಕಾರಿಗಳಿಗೆ ಮೊದಲೇ ತಿಳಿಸಬೇಕು. ಇಷ್ಟೆಲ್ಲ ದುಡ್ಡು ಗೋಡೆಗೆ ಹಾಕಿದ ಮೇಲೆ ಮಾಲಕರು ಬಾಡಿಗೆ ಏರಿಸಿದರೆ ಬಾಯಿ ಮುಚ್ಚಿ ಕೊಡುವುದಲ್ಲದೆ ಎಂತ ಮಾಡುದು? ಸಾಲದೆಂಬಂತೆ ಕರಾರು ಹೆಚ್ಚಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ ಕಾರಣ ಈ ಪದ್ಧತಿ ಬಂದಿದೆ. ಹಾಗಾಗಿ ಬಾಡಿಗೆಯ ಮಾತುಕತೆ ವರ್ಷ ವರ್ಷವೂ ಹೊಸದಾಗಿ ಶುರುವಾಗುತ್ತದೆ.

ಒಬ್ಬ ರೋಗಿಯ ಪಾಲಿಗೆ ಎಷ್ಟು?

ತಿಳಿಯಲಿಕ್ಕಾಗಿ ಒಂದು ಲೆಕ್ಕ ಹಾಕಿ ನೋಡೋಣ. ಕ್ಲಿನಿಕ್ ಒಂದರ ಬಾಡಿಗೆ ತಿಂಗಳಿಗೆ 40,000 ರೂ. ಎಂದಿಟ್ಟುಕೊಳ್ಳಿ. ಇದಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ 7,200 ರೂ. ಹೆಚ್ಚು; ಒಟ್ಟು 47,200 ರೂ. ತಿಂಗಳಲ್ಲಿ 25 ದಿನ, ದಿನಕ್ಕೆ 30 ಮಂದಿ ಬಂದರೆ 750 ರೋಗಿಗಳು. ಒಬ್ಬರ ಪಾಲಿಗೆ ಬಾಡಿಗೆ ಸುಮಾರು 63 ರೂ. ದಿನಕ್ಕೆ 15 ಮಂದಿಯೇ ಬಂದರೆ ಒಬ್ಬರ ಪಾಲು 126 ರೂ. ಆಗುತ್ತದೆ. ಬಾಡಿಗೆ 55,000ಕ್ಕೆ ಏರಿತು ಎಂದಾದರೆ ತೆರಿಗೆ ಸೇರಿ 64,900 ರೂ.; ಆಗ ದಿನಕ್ಕೆ 15 ಮಂದಿ ಬರುವ ಕ್ಲಿನಿಕ್ಕಿನಲ್ಲಿ ಒಬ್ಬರ ಪಾಲು 173 ರೂ. ಇನ್ನು 5 ಲಕ್ಷ ರೂ. ಡೆಪಾಸಿಟನ್ನು ಶೇ. 12ರ ಬಡ್ಡಿಗೆ ಸಾಲ ಮಾಡಿ ಕೊಟ್ಟಿದ್ದರೆ ತಿಂಗಳಿಗೆ 5,000 ರೂ. ಬಡ್ಡಿ ಬೇರೆ.

ಕರೆಂಟ್ ಬಿಲ್ಲು, ನರ್ಸ್ ಸಂಬಳ, ಡಾಕ್ಟ್ರ ಸ್ವಂತ ಸಂಪಾದನೆ ಯಾವುದೂ ಈ ಲೆಕ್ಕದಲ್ಲಿ ಸೇರಿಲ್ಲ. ಜನ ಹೆಚ್ಚು ಬರುವ ಕಡೆ ಬಾಡಿಗೆಯ ಭಾರ ಹಂಚಿ ಹೋಗುತ್ತದೆ. ಜನ ಕಡಿಮೆ ಇರುವ ಸಣ್ಣ ಪೇಟೆಯಲ್ಲಿ, ಅದರಲ್ಲೂ ಹೊಸದಾಗಿ ಬಂದ ಡಾಕ್ಟ್ರ ಬಳಿ, ಅದು ಕೆಲವೇ ಮಂದಿಯ ತಲೆ ಮೇಲೆ ಬೀಳುತ್ತದೆ. ಪೇಟೆಗೆ ಒಬ್ಬ ಮಕ್ಕಳ ತಜ್ಞರು ಬಂದು ಎರಡು ವರ್ಷದೊಳಗೆ ಬೋರ್ಡು ಇಳಿಸಿ ಹೋದರೆ ಅದರ ಹಿಂದೆ ಈ ಲೆಕ್ಕವೂ ಇರಬಹುದು.

ವಿನಾಯಿತಿಯೇ ಹೊರೆಯಾದದ್ದು ಹೇಗೆ?

ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಎಂಬುದು 2017ರಲ್ಲಿ ಜಿಎಸ್‌ಟಿ ಬಂದಂದಿನಿಂದ ಇರುವ ನಿಯಮ. ಕೇಳಲು ಒಳ್ಳೆಯದೇ. ಆದರೆ ವಾಣಿಜ್ಯ ಕಟ್ಟಡದ ಬಾಡಿಗೆಗೆ ಶೇ. 18 ತೆರಿಗೆ ಉಂಟು. ಬಟ್ಟೆ ಅಂಗಡಿಯವರು ಬಾಡಿಗೆಗೆ ಕೊಟ್ಟ ತೆರಿಗೆಯನ್ನು ಗಿರಾಕಿಗಳಿಂದ ಸಂಗ್ರಹಿಸಿದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತಾರೆ. ರೋಗಿಯಿಂದ ತೆರಿಗೆ ವಸೂಲು ಮಾಡದ ಕ್ಲಿನಿಕ್ಕಿಗೆ ಹೀಗೆ ವಜಾ ಮಾಡಿಕೊಳ್ಳುವ ದಾರಿ ಇಲ್ಲ. ಮೇಲಿನ ಲೆಕ್ಕದ 7,200 ರೂ. ವರ್ಷಕ್ಕೆ 86,400 ರೂ. ಆಗಿ ನೇರವಾಗಿ ಖರ್ಚಿನ ಪಟ್ಟಿಗೆ ಸೇರುತ್ತದೆ. ಒಂದೇ ಕಟ್ಟಡದಲ್ಲಿ ಒಂದೇ ಬಾಡಿಗೆ ಕೊಡುವ ಬಟ್ಟೆ ಅಂಗಡಿಗಿಂತ ಕ್ಲಿನಿಕ್ಕಿಗೆ ಕೋಣೆ ತುಟ್ಟಿ ಬೀಳುವುದು ಹೀಗೆ.

ವರ್ಷದ ಆದಾಯ 20 ಲಕ್ಷ ರೂ. ಒಳಗಿನ ಸಣ್ಣ ಮಾಲಕರು ತೆರಿಗೆ ಹಾಕಬೇಕಾಗಿಲ್ಲ. ಆದರೆ ಹತ್ತಾರು ಕೋಣೆಗಳ ಕಾಂಪ್ಲೆಕ್ಸ್ ಇರುವವರು ಈ ಮಿತಿಯನ್ನು ಸುಲಭವಾಗಿ ದಾಟುತ್ತಾರೆ. ಕ್ಲಿನಿಕ್ ಮತ್ತು ಅದರ ಮದ್ದಿನ ಅಂಗಡಿ ಒಂದೇ ಹೆಸರಿನಲ್ಲಿ ಜಿಎಸ್‌ಟಿಗೆ ನೋಂದಾಯಿಸಿದ್ದರೆ, 2024ರ ಅಕ್ಟೋಬರ್ 10ರಿಂದ ಮಾಲಕರು ನೋಂದಾಯಿಸದಿದ್ದರೂ ಬಾಡಿಗೆದಾರರೇ ತೆರಿಗೆ ಕಟ್ಟಬೇಕೆಂಬ ನಿಯಮವೂ ಬಂದಿದೆ.

ಬಾಡಿಗೆ ಎಲ್ಲಿ ನುಸುಳುತ್ತದೆ?

ಮದ್ದಿನ ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ. ಬಾಡಿಗೆ ಎಷ್ಟೇ ಇರಲಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವ ಮದ್ದುಗಳಿಗೆ 2013ರ ಬೆಲೆ ನಿಯಂತ್ರಣ ಆದೇಶದಂತೆ ಚಿಲ್ಲರೆ ವ್ಯಾಪಾರಿಯ ಪಾಲನ್ನು ಶೇ. 16 ಎಂದು ಲೆಕ್ಕ ಹಾಕಿಯೇ ಗರಿಷ್ಠ ಬೆಲೆ ನಿಗದಿಯಾಗುತ್ತದೆ. ಆದ್ದರಿಂದ ಮದ್ದಿನ ಅಂಗಡಿಯವರಿಗೆ ಬಾಡಿಗೆ ಏರಿದರೆ ಮೊದಲು ನಿಲ್ಲುವುದು ರಿಯಾಯಿತಿ. ಆಮೇಲೆ ಅಗ್ಗದ ಮದ್ದಿನ ಬದಲು ಹೆಚ್ಚು ಲಾಭ ಸಿಗುವ ಕಂಪೆನಿಯ ಮದ್ದನ್ನೇ ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆ.

ಆದರೆ ಡಾಕ್ಟ್ರ ಫೀಸು, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಹಲ್ಲಿನ ಕೆಲಸ ಇವುಗಳ ಮೇಲೆ ಅಂತಹ ಅಚ್ಚಾದ ಬೆಲೆ ಇಲ್ಲ. ನೀರು ತಗ್ಗಿನ ಕಡೆ ಹರಿಯುವ ಹಾಗೆ ಬಾಡಿಗೆಯ ಭಾರ ಇಲ್ಲಿಗೆ ಹರಿದು ಬರುತ್ತದೆ. ಫೀಸು ಏರುವುದು ಕಣ್ಣಿಗೆ ಕಾಣುತ್ತದೆ. ಒಮ್ಮೆ ಕೊಟ್ಟ ಫೀಸು ಎರಡು ವಾರ ನಡೆಯುತ್ತಿದ್ದದ್ದು ಒಂದೇ ವಾರಕ್ಕೆ ಇಳಿದರೆ, ಒಂದು ಪರೀಕ್ಷೆ ಸಾಕಾಗುವಲ್ಲಿ ಮೂರು ಬರೆದರೆ ಅದು ಅಷ್ಟಾಗಿ ಕಾಣುವುದಿಲ್ಲ. ಎಲ್ಲರೂ ಹೀಗೆ ಮಾಡುತ್ತಾರೆ ಎಂದಲ್ಲ. ಆದರೆ ತಿಂಗಳ ಮೊದಲ ವಾರ ಬಾಡಿಗೆ ಕಟ್ಟಬೇಕಾದವರ ಮೇಲೆ ಆ ಒತ್ತಡ ಇದ್ದೇ ಇರುತ್ತದೆ.

ಎಲ್ಲದಕ್ಕೂ ಬಾಡಿಗೆಯೇ ನೆಪ ಅಲ್ಲ

ಹಾಗೆಂದು ಖಾಸಗಿ ಚಿಕಿತ್ಸೆ ತುಟ್ಟಿಯಾದದ್ದೆಲ್ಲ ಬಾಡಿಗೆಯಿಂದ ಎಂದರೆ ಅದೂ ಸರಿಯಲ್ಲ. 2018ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ದಿಲ್ಲಿ ಸುತ್ತಮುತ್ತಲಿನ ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿದಾಗ ಔಷಧ ಮತ್ತು ಬಳಸಿ ಬಿಸಾಡುವ ಸಾಮಗ್ರಿಗಳ ಮೇಲೆ ಶೇ. 1,737ರ ತನಕ ಲಾಭ ಇಟ್ಟದ್ದು ಕಂಡುಬಂದಿತ್ತು. ಅಂತಹ ಲಾಭಕ್ಕೂ ಕೋಣೆ ಬಾಡಿಗೆಗೂ ಸಂಬಂಧವಿಲ್ಲ. ಸ್ವಂತ ಕಟ್ಟಡ ಇರುವ ದೊಡ್ಡ ಆಸ್ಪತ್ರೆಗಳಲ್ಲಿಯೂ ಬಿಲ್ಲು ಹಗುರವಾಗಿರುತ್ತದೆ ಎಂಬ ಖಾತರಿ ಇಲ್ಲ. ಬಾಡಿಗೆ ನಿಜಕ್ಕೂ ಕುತ್ತಿಗೆ ಹಿಡಿಯುವುದು ಸಣ್ಣ ಕ್ಲಿನಿಕ್, ಸಣ್ಣ ಲ್ಯಾಬುಗಳನ್ನು. ಅವು ಒಂದೊಂದಾಗಿ ಬಾಗಿಲು ಹಾಕಿದರೆ ಉಳಿಯುವುದು ದೊಡ್ಡವರು ಮಾತ್ರ. ಆಗ ಹೇಳಿದ್ದೇ ರೇಟು.

ಗಡಿ ಮುಚ್ಚಿದ ದಿನಗಳು ಕಲಿಸಿದ್ದು

ಇಲ್ಲಿ ತುಟ್ಟಿಯಾದರೆ ಮಂಗಳೂರಿಗೆ ಹೋಗಬಹುದಲ್ಲ ಎನ್ನುವವರು 2020ನೇ ಇಸವಿಯನ್ನು ಮರೆಯಬಾರದು. ಕೊರೊನಾ ಕಾಲದಲ್ಲಿ ಕರ್ನಾಟಕ ಸರಕಾರ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ತಲಪಾಡಿಯಲ್ಲಿ ಆ್ಯಂಬುಲೆನ್ಸುಗಳೇ ತಡೆಯಲ್ಪಟ್ಟವು. ಸಮಯಕ್ಕೆ ಚಿಕಿತ್ಸೆ ಸಿಗದೆ ಮಂಜೇಶ್ವರ ಭಾಗದ ರೋಗಿಗಳು ಪ್ರಾಣ ಕಳೆದುಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ಬಿಡಿಸಲು ಕೇಂದ್ರಕ್ಕೆ ಆದೇಶಿಸಬೇಕಾಯಿತು. ಊರಿನಲ್ಲೇ ಒಬ್ಬ ಡಾಕ್ಟ್ರು, ಒಂದು ಲ್ಯಾಬು ಉಳಿಯುವುದು ಎಷ್ಟು ಮುಖ್ಯ ಎಂದು ಗಡಿನಾಡಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಡಿಗೆ ಇಲ್ಲದ ಕಡೆಗಳು

ಬಾಡಿಗೆ ಇಲ್ಲದಿದ್ದರೆ ದರ ಹೇಗೆ ಇಳಿಯುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಕಣ್ಣೆದುರೇ ಉಂಟು. ಕೇರಳದ ಆರೋಗ್ಯ ಇಲಾಖೆಯ ಡಾಕ್ಟ್ರುಗಳು ಕೆಲಸದ ಹೊತ್ತಿನ ಬಳಿಕ ಸ್ವಂತ ವಾಸದ ಮನೆಯಲ್ಲಿ ರೋಗಿಗಳನ್ನು ನೋಡಲು ಅವಕಾಶ ಇದೆ. ಅಂಗಡಿ ಕೋಣೆಯ ಬಾಡಿಗೆ ಅವರ ತಲೆ ಮೇಲಿಲ್ಲ. ಸರಕಾರಿ ಆಸ್ಪತ್ರೆಗಳ ಆವರಣದಲ್ಲಿ ನಡೆಯುವ ಕಾರುಣ್ಯ ಕಮ್ಯೂನಿಟಿ ಫಾರ್ಮಸಿಗಳಲ್ಲಿ ಕಂಪೆನಿ ಮದ್ದುಗಳೇ ಅಚ್ಚಾದ ಬೆಲೆಗಿಂತ ಕಡಿಮೆಗೆ ಸಿಗುತ್ತವೆ. ಒಟ್ಟಿಗೆ ಖರೀದಿಸುವುದು ಅದಕ್ಕೆ ಮುಖ್ಯ ಕಾರಣವಾದರೂ ಪೇಟೆಯ ಬಾಡಿಗೆಯ ಹೊರೆ ಇಲ್ಲದ್ದೂ ಒಂದು ಅನುಕೂಲ. ಕುಟುಂಬ ಆರೋಗ್ಯ ಕೇಂದ್ರಗಳು, ಕಾಸರಗೋಡಿನ ಜನರಲ್ ಆಸ್ಪತ್ರೆ, ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ ನಮಗಾಗಿಯೇ ಇರುವಂಥವು. 2013ರಲ್ಲಿ ಶಿಲಾನ್ಯಾಸಗೊಂಡು ವರ್ಷಗಟ್ಟಲೆ ಕುಂಟಿದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜು ಪೂರ್ಣ ಪ್ರಮಾಣದಲ್ಲಿ ನಡೆದರೆ ಪೇಟೆಯ ಖಾಸಗಿ ದರಕ್ಕೂ ತಾನಾಗಿ ಕಡಿವಾಣ ಬೀಳುತ್ತದೆ.

ದರಪಟ್ಟಿ ಕನ್ನಡದಲ್ಲಿಯೂ ಬರಲಿ

ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯಂತೆ ಆಸ್ಪತ್ರೆ, ಲ್ಯಾಬುಗಳು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಖಾಸಗಿಯವರು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರೂ 2025ರ ನವೆಂಬರಿನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಕಾಯ್ದೆಯನ್ನು ಎತ್ತಿ ಹಿಡಿಯಿತು. ಆದರೆ ಕಾಯ್ದೆ ಹೇಳುವುದು ಮಲಯಾಳ ಮತ್ತು ಇಂಗ್ಲಿಷ್ ಎಂದು. ಎರಡೂ ಓದಲು ಬಾರದ ಹಿರಿಯರಿಗೆ ಗೋಡೆಯ ಮೇಲಿನ ಪಟ್ಟಿ ಇದ್ದೂ ಇಲ್ಲದ ಹಾಗೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡದಲ್ಲಿಯೂ ಪಟ್ಟಿ ಹಾಕಿಸುವುದು ಆರೋಗ್ಯ ಇಲಾಖೆಗೆ ದೊಡ್ಡ ಕೆಲಸವೇನಲ್ಲ.

ಪಂಚಾಯತುಗಳು ಮನಸ್ಸು ಮಾಡಲಿ

ಪಂಚಾಯತು, ನಗರಸಭೆಗಳ ಕಟ್ಟಡಗಳಲ್ಲಿಯೂ ಅಂಗಡಿ ಕೋಣೆಗಳುಂಟು. ಅವನ್ನು ಏಲಂ ಮಾಡಿ ಹೆಚ್ಚು ಕೂಗಿದವರಿಗೆ ಕೊಡುವುದೇ ರೂಢಿ. ಅದರಲ್ಲಿ ಒಂದೆರಡು ಕೋಣೆಗಳನ್ನು ಲ್ಯಾಬಿಗೋ ಜನೌಷಧಿ ಅಂಗಡಿಗೋ ಮೀಸಲಿಟ್ಟು, ಬಾಡಿಗೆ ಕಡಿಮೆ ಮಾಡಿ, ಅದಕ್ಕೆ ಸರಿಯಾಗಿ ಪರೀಕ್ಷೆಯ ದರವೂ ಇಳಿಯಬೇಕೆಂದು ಕರಾರು ಮಾಡಿಕೊಂಡರೆ ಲಾಭ ನೇರ ರೋಗಿಗೆ. ಸ್ವಂತ ಕಟ್ಟಡ ಇರುವ ಸಹಕಾರಿ ಸಂಘಗಳೂ ಇದನ್ನು ಮಾಡಬಹುದು. ಒಂದೇ ಕೋಣೆಯಲ್ಲಿ ಸೋಮವಾರ ಕಣ್ಣಿನವರು, ಮಂಗಳವಾರ ಚರ್ಮದವರು ಎಂದು ಸರದಿಯಲ್ಲಿ ಕುಳಿತರೆ ಬಾಡಿಗೆಯೂ ಹಂಚಿ ಹೋಗುತ್ತದೆ. ಬಾಡಿಗೆಗೆ ಕೊಟ್ಟ ತೆರಿಗೆ ಕ್ಲಿನಿಕ್ಕಿಗೆ ಹಿಂದೆ ಸಿಗುವಂತೆ ಮಾಡುವುದು ಮಾತ್ರ ಜಿಎಸ್‌ಟಿ ಮಂಡಳಿಯ ಕೈಯಲ್ಲಿರುವ ವಿಷಯ. ಇಲ್ಲಿನ ಸಂಸದರು, ಶಾಸಕರು ಅದನ್ನು ಎತ್ತಬೇಕು.

ಅಷ್ಟರ ತನಕ ಮನೆಯವರು ಮಾಡಬಹುದಾದ್ದು ಇಷ್ಟು: ಪರೀಕ್ಷೆಗೆ ಮೊದಲು ದರ ಕೇಳಿ, ಎರಡು ಕಡೆ ವಿಚಾರಿಸಿ. ಫೀಸು ಎಷ್ಟು ದಿನ ನಡೆಯುತ್ತದೆ ಎಂದು ಕೇಳಿಕೊಳ್ಳಿ. ಬಿಪಿ, ಸಕ್ಕರೆಯ ತಿಂಗಳ ಮದ್ದಿಗೆ ಮೊದಲು ಕುಟುಂಬ ಆರೋಗ್ಯ ಕೇಂದ್ರದ ಬಾಗಿಲು ತಟ್ಟಿ. ಬಿಲ್ಲು ಕೇಳಿ ತೆಗೆದುಕೊಳ್ಳಿ. ಕೇಳಲು ಎಂತ ನಾಚಿಕೆ? ಆ ಕೋಣೆಯ ಬಾಡಿಗೆಯಲ್ಲಿ ನಿಮ್ಮ ಪಾಲೂ ಉಂಟಲ್ಲ.